ತಲೆಹೊರೆ ಕಾಣದ ಮಾಪಕ

ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆ ಪ್ರಕಟಿಸಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಅಂದಾಜಿಗೆ ಆಧಾರ, ಸಮೀಕ್ಷೆಗಳಲ್ಲಿ ಜನ ಕೊಟ್ಟ ಉತ್ತರಗಳು. ಯಾರ ಮೈಗೂ ಮಾಪಕ ಕಟ್ಟಿ ಅಳೆದದ್ದಲ್ಲ.

ಬಾಯಿಮಾತಿನ ಲೆಕ್ಕ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದು ಅಮೆರಿಕದಲ್ಲಿ ಬಯಲಾಗಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ 2003-04ರಲ್ಲಿ ಜನರ ಸೊಂಟಕ್ಕೆ ಚಲನಾ ಸಂವೇದಕ ಕಟ್ಟಿತು. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ಮೈ ದಣಿಸುವ ವಯಸ್ಕರು ಶೇ 5ರಷ್ಟೂ ಇರಲಿಲ್ಲ. ಜನ ಹೇಳಿಕೊಂಡ ಪ್ರಮಾಣ ಇದರ ಹಲವು ಪಟ್ಟು ಇತ್ತು.

ಹಾಗಾಗಿ ಸಂವೇದಕಗಳು ಬೇಕೇ ಬೇಕು. ಅವುಗಳಿಂದ ದೊರೆತ ತಿಳಿವಳಿಕೆ ಸಣ್ಣದಲ್ಲ. ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ 2013ರಿಂದ 2015ರವರೆಗೆ ಸುಮಾರು ಒಂದು ಲಕ್ಷ ಜನರ ಮುಂಗೈಗೆ ತಲಾ ಒಂದು ವಾರ ಮಾಪಕ ಕಟ್ಟಿತು. ಅವರಲ್ಲಿ ವ್ಯಾಯಾಮವನ್ನೇ ಮಾಡದ 25 ಸಾವಿರಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು 2022ರಲ್ಲಿ ವಿಶ್ಲೇಷಿಸಲಾಯಿತು. ಮೆಟ್ಟಿಲು ಹತ್ತುವುದು, ಬಸ್ಸಿಗೆ ಓಡುವುದು ಮುಂತಾಗಿ ದಿನಕ್ಕೆ ಮೂರು ಸಲ ಒಂದೆರಡು ನಿಮಿಷ ಏದುಸಿರು ಬಿಟ್ಟವರಲ್ಲಿ ಸಾವಿನ ಪ್ರಮಾಣ ಸುಮಾರು ಶೇ 40ರಷ್ಟು ಕಡಿಮೆ ಇತ್ತು. ಇಷ್ಟು ಚಿಕ್ಕ ಓಟವನ್ನು ಯಾರೂ ನೆನಪಿಟ್ಟು ಪ್ರಶ್ನಾವಳಿಗೆ ಉತ್ತರಿಸಲಾರರು. ಅದನ್ನು ಹಿಡಿದದ್ದು ಮಾಪಕವೇ.

ಆದರೆ ಮಾಪಕಕ್ಕೆ ತಿಳಿಯುವುದು ಚಲನೆ ಮಾತ್ರ, ಶ್ರಮವಲ್ಲ. ಒಳಗಿರುವ ಪುಟ್ಟ ಸಿಲಿಕಾನ್ ಚಿಪ್ ಮೂರು ದಿಕ್ಕುಗಳ ವೇಗೋತ್ಕರ್ಷವನ್ನು ದಾಖಲಿಸುತ್ತದೆ. ಯಾವ ಅಂಕಿ ‘ಹಗುರ’, ಯಾವುದು ‘ಮಧ್ಯಮ’, ಯಾವುದು ‘ತೀವ್ರ’ ಎಂಬ ಗೆರೆಯನ್ನು ಎಳೆದವರು ಸಂಶೋಧಕರು. ಬಹಳ ಬಳಕೆಯಾದ ಗೆರೆಗಳಲ್ಲಿ ಒಂದು 1998ರ ಅಮೆರಿಕದ ಅಧ್ಯಯನದ್ದು. 50 ಮಂದಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ, ಅವರ ಆಮ್ಲಜನಕದ ಬಳಕೆಯನ್ನು ಅಳೆದು, ಸೊಂಟದ ಮಾಪಕ ನಿಮಿಷಕ್ಕೆ 1952 ಎಣಿಕೆ ದಾಟಿದರೆ ಅದು ಮಧ್ಯಮ ಚಟುವಟಿಕೆ ಎಂದು ನಿಗದಿ ಮಾಡಿದರು.

ಟ್ರೆಡ್‌ಮಿಲ್ ನಡಿಗೆಗೆ ಆ ಗೆರೆ ಒಪ್ಪುತ್ತದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬರುವ ಹೆಂಗಸಿಗೆ ಒಪ್ಪುವುದಿಲ್ಲ. ಹೊರೆ ಹೊತ್ತವಳು ನಿಧಾನವಾಗಿ, ಕುಲುಕದಂತೆ ನಡೆಯುತ್ತಾಳೆ. ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾಗುತ್ತದೆ, ಮಾಪಕದ ಅಂಕಿ ಮಾತ್ರ ಏರುವುದಿಲ್ಲ. ಗದ್ದೆಯಲ್ಲಿ ಬಾಗಿ ನಾಟಿ ಮಾಡುವವರ ಸೊಂಟ ಹೆಚ್ಚು ಅಲ್ಲಾಡದು. ಸೈಕಲ್ ತುಳಿಯುವವರದ್ದೂ ಅದೇ ಕಥೆ.

ಮುಂಗೈಗೆ ಕಟ್ಟಿದರೆ ತಪ್ಪು ಇನ್ನೊಂದು ಬಗೆಯದು: ಕುಳಿತಲ್ಲೇ ಕೈಯಾಡಿಸಿದ್ದೂ ಚಟುವಟಿಕೆಯಾಗಿ ದಾಖಲಾಗಬಹುದು. ನಾಡಿಬಡಿತದ ಲೆಕ್ಕ ಸೇರಿಸಿದರೆ ಅಂದಾಜು ಸುಧಾರಿಸುತ್ತದೆ, ಆದರೆ ಬಿಸಿಲಿಗೂ ಆತಂಕಕ್ಕೂ ಎದೆಬಡಿತ ಏರುತ್ತದೆ.

ಪ್ರಶ್ನಾವಳಿಯ ಬದಲು ಹೊರಗಿನ ಗೆರೆಗಳನ್ನು ಹೊತ್ತ ಮಾಪಕ ತಂದರೆ ನಮ್ಮಲ್ಲಿ ದುಡಿಯುವ ಹೆಂಗಸರ ಶ್ರಮ ಮತ್ತೊಮ್ಮೆ ಲೆಕ್ಕದಿಂದ ಹೊರಗುಳಿಯುತ್ತದೆ. ಆ ಲೆಕ್ಕ ನಂಬಿ ರೂಪಿಸಿದ ಆರೋಗ್ಯ ನೀತಿ, ದಣಿದವರಿಗೇ ಇನ್ನಷ್ಟು ನಡೆಯಿರಿ ಎಂದು ಉಪದೇಶಿಸುತ್ತದೆ. ಅವರಿಗೆ ಬೇಕಾದದ್ದು ವಿಶ್ರಾಂತಿಯೂ ಪೌಷ್ಟಿಕ ಊಟವೂ ಆಗಿರಬಹುದು.

ಇದಕ್ಕೆ ಪರಿಹಾರ ದೂರವೇನಿಲ್ಲ. 2017-18ರ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಸಮೀಕ್ಷೆಯನ್ನು ನಡೆಸಿಕೊಟ್ಟ ಐಸಿಎಂಆರ್‌ನ ಕೇಂದ್ರ ಬೆಂಗಳೂರಿನಲ್ಲೇ ಇದೆ. ದೇಹದ ಶಕ್ತಿವ್ಯಯವನ್ನು ಅಳೆಯುವುದರಲ್ಲಿ ದೀರ್ಘ ಅನುಭವವುಳ್ಳ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಇಲ್ಲಿದೆ. ನಾಟಿ ಮಾಡುವವರು, ಕಾಫಿ ತೋಟದ ಕಾರ್ಮಿಕರು, ಗಾರ್ಮೆಂಟ್ಸ್ ನೌಕರರು, ಹಮಾಲರು ಕೆಲಸ ಮಾಡುವಾಗಲೇ ಅವರ ಆಮ್ಲಜನಕ ಬಳಕೆಯನ್ನೂ ಮಾಪಕದ ಅಂಕಿಯನ್ನೂ ಒಟ್ಟಿಗೆ ದಾಖಲಿಸಿ ನಮ್ಮ ದುಡಿಮೆಗೆ ಹೊಂದುವ ಗೆರೆಗಳನ್ನು ಎಳೆಯಬೇಕು. ಮುಂದಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೆಲವು ಸಾವಿರ ಮಂದಿಗಾದರೂ ಒಂದು ವಾರ ಮಾಪಕ ಕಟ್ಟಬೇಕು. ಜೊತೆಗೆ ಅವರು ಏನು ಹೊತ್ತರು, ಎಷ್ಟು ಹೊತ್ತರು ಎಂದು ಕೇಳಿ ಬರೆದುಕೊಳ್ಳಬೇಕು. ಕೇಂದ್ರ ಮತ್ತು ರಾಜ್ಯ ಆರೋಗ್ಯ ಇಲಾಖೆಗಳು ಇದಕ್ಕೆ ಹಣ ತೆಗೆದಿಡಲಿ.