ಹಗುರ ಯಾರಿಗೆ?

ಎರಡನೇ ಮಹಾಯುದ್ಧದ ಜಪಾನಿ ಟೈಪ್ 92 ಫಿರಂಗಿ ಈಗ ಹಲವು ದೇಶಗಳ ಮ್ಯೂಸಿಯಂಗಳಲ್ಲಿದೆ. 'ಹಗುರ ಫಿರಂಗಿ' ಅಂತಾರೆ. 70 ಮಿ.ಮೀ. ನಳಿಕೆ, ಸುಮಾರು 2.8 ಕಿ.ಮೀ. ವ್ಯಾಪ್ತಿ, ತೂಕ ಹೆಚ್ಚುಕಮ್ಮಿ 216 ಕೆ.ಜಿ. ಬಿಚ್ಚಿದರೆ ಸೈನಿಕರೇ ಹೊತ್ತು ಒಯ್ಯಬಹುದಿತ್ತು. ಡಿಸೈನ್ ಚೆನ್ನಾಗಿದೆ, ಒಪ್ಪೋಣ.

ಆದರೆ ಹಗುರ ಯಾರಿಗೆ? 1944ರಲ್ಲಿ ಬರ್ಮಾದಿಂದ ಇಂಫಾಲ್ ಕಡೆ ಬಂದ ಜಪಾನಿ ಸೈನಿಕರಲ್ಲಿ ಸಾವಿರಾರು ಜನ ಹಸಿವು, ಕಾಯಿಲೆಯಿಂದಲೇ ಸತ್ತರು. ಹೊಟ್ಟೆಗಿಲ್ಲದವನ ಹೆಗಲಿಗೆ ಒಂದು ಚಕ್ರವೂ ಭಾರವೇ. ಇನ್ನು ಗುಂಡು ಬಿದ್ದ ಕಡೆ ಇದ್ದವರಿಗೆ?

ಮ್ಯೂಸಿಯಂ ಬೋರ್ಡಿನಲ್ಲಿ ಅಳತೆಗಳ ಕೆಳಗೆ ಇದೂ ಇರಬೇಕು: ಹೊತ್ತವರು ಯಾರು, ಸತ್ತವರು ಯಾರು. ನಾಳೆ ನಮ್ಮಲ್ಲೂ ಕೆಲವರು ಡಿಫೆನ್ಸ್ ಕಂಪನಿ ಸೇರ್ತೀವಿ. ಅಳತೆ ಬರೆಯೋ ಮೊದಲು ಈ ಎರಡು ಪ್ರಶ್ನೆ ಕೇಳ್ಕೊಳ್ಳೋಣ.