ಹೋಲಿಕೆಯ ನೆರಳು

ಹೊಸದೊಂದು ಕೃತಿಯನ್ನು ಕಂಡೊಡನೆ 'ಇದು ಯಾರಂತಿದೆ?' ಎಂದು ಕೇಳುವುದು ವಿಮರ್ಶಕರ ಹಳೆಯ ಚಾಳಿ. ಪ್ರಶ್ನೆಯೇನೋ ಸಲ್ಲತಕ್ಕದ್ದೇ, ಆದರೆ ಅದೇ ಕೊನೆಯ ಪ್ರಶ್ನೆಯೂ ಆದಲ್ಲಿ ಕಲಾವಿದನಿಗೆ ಎಂತಹ ಅನ್ಯಾಯವಾಗುತ್ತದೆಂಬುದಕ್ಕೆ ಜೋ ಹ್ಯಾರಿಯಟ್ಟನ 'ಫ್ರೀ ಫಾರ್ಮ್' ಎಂಬ ಜಾಝ್ ಧ್ವನಿಮುದ್ರಿಕೆಯನ್ನು ನಿದರ್ಶನವಾಗಿ ಕೊಡಬಯಸುತ್ತೇನೆ.

ಹ್ಯಾರಿಯಟ್ 1928ರಲ್ಲಿ ಜಮೈಕಾದಲ್ಲಿ ಜನಿಸಿ, 1951ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದ ಸ್ಯಾಕ್ಸೊಫೋನ್ ವಾದಕ. ತನ್ನ ಐವರ ಮೇಳದೊಡನೆ 1960ರಲ್ಲಿ ಆತ ಮುದ್ರಿಸಿದ ಈ ಸಂಗೀತದಲ್ಲಿ ಸಮನಾದ ಲಯ, ಗೊತ್ತಾದ ಸ್ವರಮೇಳಗಳ ಸಾಲು, ಮೊದಲೇ ನಿಶ್ಚಯಿಸಿದ ಧಾಟಿ ಇವುಗಳಲ್ಲಿ ಯಾವುದನ್ನಾದರೂ ಬಿಡಬಹುದಿತ್ತು. ಆದರೆ ಪ್ರತಿಯೊಂದು ರಚನೆಯಲ್ಲಿಯೂ ಒಂದನ್ನಾದರೂ ಉಳಿಸಿಕೊಳ್ಳಬೇಕೆಂಬುದು ಆತನ ನಿಯಮ. ತಾಳವಿಲ್ಲದ ಮಾತ್ರಕ್ಕೆ ಸಂಗೀತ ಹದ ತಪ್ಪುವುದಿಲ್ಲವೆಂಬುದನ್ನು ಆಲಾಪನೆ ಕೇಳಿ ಬಲ್ಲ ನಮ್ಮ ರಸಿಕರಿಗೆ ವಿವರಿಸಬೇಕಾಗಿಲ್ಲ.

ಅಮೆರಿಕದ ಆರ್ನೆಟ್ ಕೋಲ್ಮನ್ ಆ ವೇಳೆಗಾಗಲೇ ಇಂತಹ ಸ್ವಾತಂತ್ರ್ಯಕ್ಕೆ ಹೆಸರಾಗಿದ್ದ. ವಿಮರ್ಶಕರಿಗೆ ಅಷ್ಟು ಸಾಕಾಯಿತು. ಹ್ಯಾರಿಯಟ್ಟನದು ಅನುಕರಣೆಯೆಂದು ಹಲವರು ಬಗೆದರು. ಕಿವಿಗೊಟ್ಟು ಕೇಳಿದರೆ ಈ ಮಾತು ನಿಲ್ಲದು. ಕೋಲ್ಮನ್ 'ಫ್ರೀ ಜಾಝ್' ಅನ್ನು ಮುದ್ರಿಸಿದ್ದು 1960ರ ಡಿಸೆಂಬರಿನಲ್ಲಿ. ಅಲ್ಲಿ ಪಿಯಾನೊ ಇಲ್ಲ, ಎಂಟು ಮಂದಿ ಅರ್ಧ ಗಂಟೆಗೂ ಮಿಕ್ಕು ಎಡೆಬಿಡದೆ ನುಡಿಸುತ್ತಾರೆ. ಹ್ಯಾರಿಯಟ್ಟನಲ್ಲಿ ಪ್ಯಾಟ್ ಸ್ಮೈತನ ಪಿಯಾನೊ ಉಂಟು, ಎಂಟು ಕಿರುರಚನೆಗಳುಂಟು, ಒಬ್ಬನು ನುಡಿಸಿ ಉಳಿದವರು ಒತ್ತುಕೊಡುವ ಕ್ರಮಕ್ಕೆ ಬದಲಾಗಿ ಐವರ ಸಂವಾದವುಂಟು, ಆ ಸಂವಾದದಲ್ಲಿ ಮೌನಕ್ಕೂ ಒಂದು ಪಾಲುಂಟು.

ಮುಂದಿನ ಧ್ವನಿಮುದ್ರಿಕೆ 'ಅಬ್‌ಸ್ಟ್ರ್ಯಾಕ್ಟ್' 1963ರಲ್ಲಿ ಹೊರಬಂದಾಗ ಅಮೆರಿಕದ 'ಡೌನ್ ಬೀಟ್' ಪತ್ರಿಕೆಯೇ ಅದಕ್ಕೆ ಐದು ನಕ್ಷತ್ರಗಳ ಪೂರ್ಣ ಮನ್ನಣೆಯನ್ನಿತ್ತಿತು. ಆದರೆ ಹೊಗಳಿಕೆ ಹೊಟ್ಟೆ ತುಂಬಲಿಲ್ಲ. ಮೇಳ ಚದುರಿತು. ಆ ದಶಕದ ನಡುವಿನಲ್ಲಿ ಆತ, ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರನೊಡಗೂಡಿ ನಮ್ಮ ರಾಗಗಳನ್ನೂ ಜಾಝನ್ನೂ ಬೆಸೆಯುವ ಪ್ರಯೋಗದಲ್ಲಿ ತೊಡಗಿದ. 1973ರ ಜನವರಿಯಲ್ಲಿ, 44ರ ವಯಸ್ಸಿಗೇ, ಬಡತನದಲ್ಲಿ ತೀರಿಕೊಂಡ. ಆ ಎರಡು ಧ್ವನಿಮುದ್ರಿಕೆಗಳು ಮತ್ತೆ ಬೆಳಕು ಕಂಡದ್ದು ಬಹುಕಾಲ ಕಳೆದ ಮೇಲೆ.

ವಿಮರ್ಶಕರು ಮೆಚ್ಚಿದ್ದರೆ ಆತನ ಬಾಳು ಹಸನಾಗುತ್ತಿತ್ತೆಂದು ನಾನು ಹೇಳಲಾರೆ; ಹೊಸ ಸಂಗೀತಕ್ಕೆ ಕೇಳುಗರು ಎಲ್ಲೆಡೆಯೂ ವಿರಳ. ಆದರೆ ಆ ವಿರಳ ಕೇಳುಗನಿಗೆ ಬಾಗಿಲು ತೆರೆಯುವುದೇ ವಿಮರ್ಶೆಯ ಕೆಲಸವಲ್ಲವೆ? 'ಇದು ಇಂತಹವನ ಪಡಿಯಚ್ಚು' ಎಂದೊಡನೆ ಬಾಗಿಲು ಮುಚ್ಚುತ್ತದೆ. ನಮ್ಮಲ್ಲಿಯೂ ಹೊಸ ಕವಿಯನ್ನು ಪಾಶ್ಚಾತ್ಯ ಕವಿಯೊಬ್ಬನ ಹೆಸರಿಗೆ ಕಟ್ಟಿಹಾಕಿ ಕೈತೊಳೆದುಕೊಳ್ಳುವುದು ಅಪರೂಪವೇನಲ್ಲ. ಹೋಲಿಕೆಯೇ ಬೇಡವೆಂದು ನನ್ನ ಮಾತಲ್ಲ. ಕೃತಿ ತಾನು ಹೇಳುವುದನ್ನು ಮೊದಲು ಹೇಳಿ ಮುಗಿಸಲಿ, ಹೋಲಿಸುವುದು ಆಮೇಲಾಗಲಿ.