ಜೋಗಪ್ಪಗ ಕೈ ಮುಗಿತೀರಿ, ಹುಡುಗನ್ನ ಯಾಕ ಕಾಡತೀರಿ?

ಮಂಗಳವಾರ, ಶುಕ್ರವಾರ ಬಂತೆಂದರೆ ಗೋಕಾಕ ಪೇಟೆಯಲ್ಲಿ, ಹುಕ್ಕೇರಿ ಬಜಾರದಲ್ಲಿ, ಮೂಡಲಗಿಯ ಓಣಿಗಳಲ್ಲಿ ಚೌಡಕಿಯ ಸಪ್ಪಳ ಕೇಳುತ್ತದೆ. ತಲೆಯ ಮೇಲೆ ಜಗ ಹೊತ್ತು, ಸೀರೆಯುಟ್ಟು, ಹಣೆಗೆ ಭಂಡಾರ ಬಳಿದ ಜೋಗಪ್ಪ ಅಂಗಡಿ ಮುಂದೆ ನಿಂತು ‘ಉಧೋ’ ಎಂದರೆ ಸಾಹುಕಾರರು ಗಲ್ಲಾಪೆಟ್ಟಿಗೆಯಿಂದ ರೊಕ್ಕ ತೆಗೆದುಕೊಟ್ಟು, ಭಂಡಾರ ಹಚ್ಚಿಸಿಕೊಂಡು ಕೈ ಮುಗಿಯುತ್ತಾರೆ. ಗಂಡಸು ಸೀರೆ ಉಟ್ಟಾನ ಅಂತ ಯಾರೂ ನಗುವುದಿಲ್ಲ. ಸವದತ್ತಿ ಎಲ್ಲಮ್ಮನ ಮನುಷ್ಯ. ನಕ್ಕರೆ ತಾಯಿ ಮುನಿದಾಳು ಎಂಬ ಅಂಜಿಕೆ.

ಅದೇ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಕಾಲೇಜು ಬಿಡುವ ಹೊತ್ತಿಗೆ ನಡೆಯುವುದೇ ಬೇರೆ. ನಡಿಗೆ ತುಸು ಮೆತ್ತಗಿರುವ ಹುಡುಗನೊಬ್ಬ ದಾಟಿ ಹೋದರೆ ಸಾಕು, ‘ಹೆಣ್ಣಿಗ’, ‘ಚಕ್ಕಾ’ ಎಂಬ ಕೂಗು. ಹುಡುಗಿ ಕೂದಲು ಮೋಟು ಮಾಡಿಸಿ ಶರ್ಟು ಹಾಕಿದರೆ ‘ಗಂಡುಬೀರಿ’. ಬಸ್ಸಿನಲ್ಲಿ ಚೀಲ ಕಸಿಯುವುದು, ಸೀಟಿನಿಂದ ಎಬ್ಬಿಸುವುದು, ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು. ಇದಕ್ಕೆ ‘ಚೇಷ್ಟೆ’ ಎಂದು ಹೆಸರು. ನೋಡುವ ಹಿರಿಯರು ಒಂದೋ ಜೊತೆಗೂಡಿ ನಗುತ್ತಾರೆ, ಇಲ್ಲವೇ ಕಿಟಕಿಯಾಚೆಯ ಕಬ್ಬಿನ ಹೊಲ ನೋಡುತ್ತ ಕೂಡುತ್ತಾರೆ.

ಈ ಚೇಷ್ಟೆಯ ಲೆಕ್ಕ ಯಾರೂ ಇಡುವುದಿಲ್ಲ. ಕಾಡಿಸಿಕೊಂಡ ಹುಡುಗ ಮೊದಲು ಬಸ್ಸು ತಪ್ಪಿಸುತ್ತಾನೆ, ಆಮೇಲೆ ಹಾಜರಿ ತಪ್ಪುತ್ತದೆ, ಕಡೆಗೆ ಶಾಲೆಯೇ ತಪ್ಪುತ್ತದೆ. ಕೇಳಿದರೆ ಮನೆಯವರು ‘ಓದು ತಲಿಗಿ ಹತ್ತಲಿಲ್ರಿ’ ಎಂದು ಮಾತು ಮುಗಿಸುತ್ತಾರೆ. ಓದು ತಲೆಗೆ ಹತ್ತಲಿಲ್ಲವೋ, ಊರು ಹತ್ತಗೊಡಲಿಲ್ಲವೋ?

ರೋಗವಲ್ಲ, ಗುನ್ಹೆಯಲ್ಲ

ಗಂಡಾಗಿ ಹುಟ್ಟಿ ತಾನು ಹೆಣ್ಣು ಎಂದು ಅನಿಸುವುದು ಒಂದು. ಹುಡುಗನಿಗೆ ಹುಡುಗನ ಮೇಲೆ, ಹುಡುಗಿಗೆ ಹುಡುಗಿಯ ಮೇಲೆ ಮನಸ್ಸಾಗುವುದು ಇನ್ನೊಂದು. ಬರೀ ದನಿ ಸಣ್ಣದಿರುವುದು ಮತ್ತೊಂದು. ಕಟ್ಟೆಯ ಮೇಲಿನವರಿಗೆ ಎಲ್ಲವೂ ಒಂದೇ. ಆದರೆ ಇದರಲ್ಲಿ ಯಾವುದೂ ರೋಗವಲ್ಲ. ಸಲಿಂಗ ಪ್ರೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ೧೯೯೦ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಇದನ್ನು ‘ವಾಸಿ’ ಮಾಡುತ್ತೇನೆಂದು ಹೊರಡುವ ಡಾಕ್ಟರನದು ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ೨೦೨೨ರಲ್ಲಿ ಸಾರಿತು. ಗಾಳಿ ಬಿಡಿಸುವವರಿಗೂ, ‘ಲಗ್ನಾ ಮಾಡಿದ್ರ ನೆಟ್ಟಗಾಗ್ತಾನ’ ಎನ್ನುವ ಸೋದರಮಾವಂದಿರಿಗೂ ಈ ಸುದ್ದಿ ಇನ್ನೂ ಮುಟ್ಟಬೇಕಾಗಿದೆ.

ಗುನ್ಹೆಯೂ ಅಲ್ಲ. ಗಂಡು, ಹೆಣ್ಣು ಅಲ್ಲದೆ ಮೂರನೆಯ ಲಿಂಗವೂ ಉಂಟು, ಅವರಿಗೂ ಸಂವಿಧಾನದ ಹಕ್ಕುಗಳುಂಟು ಎಂದು ಸುಪ್ರೀಂ ಕೋರ್ಟು ೨೦೧೪ರ ಏಪ್ರಿಲ್ ೧೫ರಂದು ಹೇಳಿತು. ಬ್ರಿಟಿಷರು ೧೮೬೦ರಲ್ಲಿ ಬರೆದಿಟ್ಟ ದಂಡ ಸಂಹಿತೆಯ ೩೭೭ನೇ ಕಲಮು ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸದು ಎಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ೨೦೧೮ರ ಸೆಪ್ಟೆಂಬರ್ ೬ರಂದು ತೀರ್ಪಿತ್ತರು. ಅಂದರೆ ಕಾಯ್ದೆ ಬದಲಾಗಿದೆ. ಬದಲಾಗದಿರುವುದು ಬಾಯಿ ಮಾತ್ರ.

ಈ ನೆಲಕ್ಕೆ ಇದು ಹೊಸ ಸಂಗತಿಯೇನಲ್ಲ. ಕುಲಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಇಲ್ಲಿಯದೇ. ಸೀರೆಯುಟ್ಟು ಸತ್ಯಭಾಮೆಯಾದ ಗಂಡಸಿನ ಆಟಕ್ಕೆ ಬೆಳತನಕ ಕುಳಿತು ತಲೆದೂಗಿದವರು ಇಂದಿನ ಕಟ್ಟೆಯವರ ಅಜ್ಜಂದಿರೇ. ವೇಷ ಬೇರೆ, ಸ್ವಭಾವ ಬೇರೆ ನಿಜ. ಆದರೆ ನೋಡುವ ಕಣ್ಣಿನಲ್ಲಿ ಆಗ ವಿಷವಿರಲಿಲ್ಲ.

ಒಂದಿದ್ದ ದಾರಿ ಹಲವಾಗಿವೆ

ಹಿಂದೆ ಇಂಥ ಹುಡುಗನಿಗೆ ಈ ಭಾಗದಲ್ಲಿ ಗೌರವದ ದಾರಿ ಎಂದರೆ ಒಂದೇ: ಮುತ್ತು ಕಟ್ಟಿಸಿಕೊಂಡು ಜೋಗಪ್ಪನಾಗುವುದು. ತಲೆಯ ಮೇಲೆ ದೇವಿ ಇದ್ದರೆ ಮರ್ಯಾದೆ, ಕೈಯಲ್ಲಿ ಪುಸ್ತಕ ಇದ್ದರೆ ಅಪಮಾನ! ಭಕ್ತಿಯಿಂದ ಜೋಗಪ್ಪ ಆಗುವವರು ಆಗಲಿ. ಬೇರೆ ಗತಿ ಇಲ್ಲದ್ದಕ್ಕೆ ಯಾರೂ ಆಗಬೇಕಾಗಿಲ್ಲ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬಾಳು ಕಣ್ಣ ಮುಂದಿದೆ. ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು. ಹದಿಹರೆಯದಲ್ಲಿ ತಾನು ಹೆಣ್ಣು ಎಂದುಕೊಂಡಾಗ ಮನೆಯವರು ಹುಲಿಗೆಮ್ಮನಿಗೆ ಒಪ್ಪಿಸಿದರು. ಅಪಮಾನ ತಾಳದೆ ಜೀವ ಕಳೆದುಕೊಳ್ಳಲು ಹೋಗಿ ಉಳಿದರು. ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು, ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯ ಕಲಿತರು. ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರ ನವೆಂಬರದಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೀರೆಯ ಸೆರಗಿನಿಂದ ಅವರ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಅಂದು ಆ ಜೀವ ಹೋಗಿದ್ದರೆ ಇದೆಲ್ಲ ಎಲ್ಲಿರುತ್ತಿತ್ತು?

ಎಲ್ಲರಿಗೂ ಪದ್ಮಶ್ರೀ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ತಿಂಗಳ ಪಗಾರದ ನೌಕರಿ ಸಿಕ್ಕರೆ ಸಾಕು. ಸರಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೂರಕ್ಕೆ ಒಂದು ಮೀಸಲಾತಿಯನ್ನು ದೇಶದಲ್ಲೇ ಮೊದಲು ಕೊಟ್ಟದ್ದು ಕರ್ನಾಟಕ, ೨೦೨೧ರಲ್ಲಿ. ೨೦೨೩ರ ಜೂನ್ ೧೧ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಜೊತೆ ಅವರ ಹೆಸರೂ ಸೇರಿತು. ಸರಕಾರ ಸೀಟು ಕೊಟ್ಟಿತು. ಪಕ್ಕದ ಸೀಟಿನವರು ಮರ್ಯಾದೆ ಕೊಡುವುದು ಬಾಕಿ.

ಯಾರೇನು ಮಾಡಬೇಕು?

ಅಂಗಡಿಕಾರರು ಭಾಷಣ ಮಾಡಬೇಕಾಗಿಲ್ಲ. ‘ಏ, ಸುಮ್ನಿರ್ರೋ, ಹೋಗ್ಲಿ ಬಿಡ್ರಿ ಅವನ್ನ’ ಎಂದು ಒಮ್ಮೆ ಗದರಿದರೆ ಕಟ್ಟೆ ತಣ್ಣಗಾಗುತ್ತದೆ. ಕಂಡಕ್ಟರು ಒಂದು ಸೀಟಿ ಊದಿ ಹಿಂದಕ್ಕೆ ಬಂದರೆ ಬಸ್ಸು ತಣ್ಣಗಾಗುತ್ತದೆ. ೨೦೧೯ರ ಕೇಂದ್ರ ಕಾಯ್ದೆ ಲಿಂಗತ್ವ ಅಲ್ಪಸಂಖ್ಯಾತರನ್ನು ಬೈದು ಹಿಂಸಿಸುವುದಕ್ಕೂ ಆರು ತಿಂಗಳಿಂದ ಎರಡು ವರ್ಷದ ತನಕ ಶಿಕ್ಷೆ ಬರೆಯಿತು. ಆದರೆ ಮಕ್ಕಳ ವಿಷಯ ಪೋಲೀಸು ಠಾಣೆಯವರೆಗೆ ಯಾಕೆ ಹೋಗಬೇಕು? ಹೆಡ್‌ಮಾಸ್ತರರ ಕೋಣೆಯಲ್ಲೇ ಮುಗಿಯಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಅಲ್ಲಿಯ ಅಧಿಕಾರಿಗಳು ಪ್ರತಿ ಶಾಲೆಗೂ ಒಂದು ಸುತ್ತೋಲೆ ಕಳಿಸಿ, ಇಂಥ ದೂರು ಕೇಳಲು ಒಬ್ಬ ಮಾಸ್ತರರನ್ನು ನೇಮಿಸಿದರೆ ಬೊಕ್ಕಸಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಇನ್ನು, ಅಂಗಡಿಯಲ್ಲಿ ಪುಡಿಕೆ ಕಟ್ಟಿದ ಈ ಕಾಗದವನ್ನು ಬಿಡಿಸಿ ಓದುತ್ತಿರುವ ತಮ್ಮಾ, ತಂಗೀ: ನಿಮ್ಮಲ್ಲಿ ಐಬು ಇಲ್ಲ. ಇದನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದು ನಿಮಗೆ ಬಿಟ್ಟದ್ದು, ಅವಸರವಿಲ್ಲ. ಆದರೆ ಕಾಡುವವರ ಸುದ್ದಿಯನ್ನು ಒಬ್ಬರಿಗಾದರೂ ಹೇಳಿರಿ, ಅವ್ವನಿಗೋ, ಅಕ್ಕನಿಗೋ, ನಂಬುವ ಮಾಸ್ತರರಿಗೋ. ಮನಸ್ಸು ತೀರ ಕುಗ್ಗಿದರೆ ೧೪೪೧೬ಕ್ಕೆ ಫೋನು ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಮಕ್ಕಳಿಗಾಗಿ ೧೦೯೮ ಕೂಡ ಇದೆ. ಕಾಡುವ ತಂಡ ಪರೀಕ್ಷೆ ಮುಗಿದೊಡನೆ ಚೆದುರಿ ಹೋಗುತ್ತದೆ, ಒಬ್ಬ ಸಕ್ಕರೆ ಕಾರಖಾನೆಗೆ, ಒಬ್ಬ ಪುಣೆಗೆ. ಕೈಯಲ್ಲಿ ಉಳಿಯುವುದು ನಿಮ್ಮ ಮಾರ್ಕ್ಸ್ ಕಾರ್ಡು. ಅವರಿಗಾಗಿ ಅದನ್ನು ಬಿಟ್ಟುಕೊಡಬೇಡಿ.

ಬರುವ ಭಾರತ ಹುಣ್ಣಿಮೆಗೆ ಈ ಮೂರೂ ತಾಲೂಕುಗಳಿಂದ ಸವದತ್ತಿಗೆ ಗಾಡಿ, ಬಸ್ಸು ತುಂಬಿ ಹೊರಡುತ್ತವೆ. ಗುಡ್ಡದ ಮೇಲೆ ಮುಗಿಯುವ ಕೈಗಳು ಊರಲ್ಲಿ ಒಂದು ಹುಡುಗನ ಬೆನ್ನು ತಟ್ಟಲಾರವೇ?